ಪ್ರೀತಿ ಬರುವ ಮೊದಲು ಆಕೆ ಏನು ಮಾಡುತ್ತಿದ್ದಳು? ಗಂಗಾವತಿಯ ಒಂದು ಕಾದಂಬರಿಯ ಪ್ರಕರಣ

ಈ ಪ್ರಕರಣ ಒಂದು ಹಸ್ತಪ್ರತಿಯದ್ದು. ಬರೆದವರು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಹೊಲಿಗೆ ಅಂಗಡಿ ನಡೆಸುವ ಮಹಿಳೆ. ವಯಸ್ಸು ನಲವತ್ತು ದಾಟಿದೆ. ಹೆಸರು ಬೇಡ ಎಂದಿದ್ದಾರೆ, ಉಳಿದದ್ದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಕಾದಂಬರಿಯ ವಿಷಯ ಪ್ರೀತಿ. ಜೊತೆಗೆ, ಮದುವೆಯಲ್ಲಿ ಕಳೆದುಹೋದ ತನ್ನನ್ನು ತಾನೇ ಮತ್ತೆ ಹುಡುಕಿಕೊಳ್ಳುವ ಒಬ್ಬ ಹೆಂಗಸಿನ ಕಥೆ.

ನಾವು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕೆಲವು ಓದುಗರು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಓದಿ, ಅನಿಸಿದ್ದನ್ನು ಬರೆದವರಿಗೆ ಹೇಳುತ್ತೇವೆ. ಗುಂಪಿನಲ್ಲಿ ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಒಬ್ಬರು ಗಂಡ ಹೆಂಡಿರ ಕೇಸು ನಡೆಸುವ ವಕೀಲೆ, ಒಬ್ಬಳು ರಾಯಚೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಈ ಹಸ್ತಪ್ರತಿಯ ಮೇಲೆ ನಾವು ತುಂಬಾ ಮಾತಾಡಿದೆವು, ಜಗಳವನ್ನೂ ಆಡಿದೆವು. ನಮ್ಮ ಭಾಗದಿಂದ ಇಂಥ ಕಥೆ ಬರೆಯಲು ಕೂತವರಿಗೆ ಬೇಕಾಗಬಹುದು ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲ ಪ್ರತಿ

ಮೊದಲ ಪ್ರತಿಯ ನಾಯಕಿಗೆ 34 ವರ್ಷ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದಾಳೆ. ಗಂಡ ಸಾಫ್ಟ್‌ವೇರ್ ಕೆಲಸದವನು, ಕುಡಿಯುತ್ತಾನೆ, ಹೊಡೆಯುತ್ತಾನೆ. ಆಕೆ ಒಂದು ರಾತ್ರಿ ಮನೆ ಬಿಟ್ಟು ಆನೆಗೊಂದಿಯ ತವರಿಗೆ ಬರುತ್ತಾಳೆ. ಹೊಳೆಯ ಬಂಡೆ ಮೇಲೆ ಕೂತು ಚಿತ್ರ ಬಿಡಿಸುತ್ತಾಳೆ. ಅಮೆರಿಕದಿಂದ ಬಂದ ಕನ್ನಡದ ಡಾಕ್ಟರ್ ಒಬ್ಬ ಅದನ್ನು ನೋಡಿ, ನಿನ್ನೊಳಗೆ ದೊಡ್ಡ ಕಲಾವಿದೆ ಇದ್ದಾಳೆ ಎನ್ನುತ್ತಾನೆ. ಬೆಂಗಳೂರಿನಲ್ಲಿ ಪ್ರದರ್ಶನ ಏರ್ಪಾಡು ಮಾಡುತ್ತಾನೆ. "ಆರು ತಿಂಗಳಲ್ಲಿ ವಿಚ್ಛೇದನ ಆಯಿತು" ಎಂಬ ಒಂದು ಸಾಲು ಬರುತ್ತದೆ. ಆಮೇಲೆ ಮದುವೆ.

ಭಾಷೆ ಚೆನ್ನಾಗಿತ್ತು. ಓದಿಸಿಕೊಂಡು ಹೋಗುತ್ತಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಅರ್ಧ ಪುಟ ಮಾತ್ರ. ಅಲ್ಲಿ ನಾಯಕಿ ಸೊರಗಿಹೋದ ಮೈಗೆ ಸರಿಮಾಡಿಕೊಳ್ಳಲು ತನ್ನ ಹಳೆಯ ಜಂಪರಿನ ಹೊಲಿಗೆ ಬಿಚ್ಚುತ್ತಾಳೆ. ಬಿಚ್ಚಿದ ಹೊಲಿಗೆಯ ತೂತುಗಳು ಬಟ್ಟೆ ಮೇಲೆ ಸಾಲಾಗಿ ಉಳಿಯುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ಉಗುರಿನಿಂದ ತಿಕ್ಕಿದರೆ ಕೆಲವು ಮುಚ್ಚುತ್ತವೆ, ಕೆಲವು ಹಾಗೇ ಇರುತ್ತವೆ. ಇದನ್ನು ಬರೆಯಲು ಕೈಯಲ್ಲಿ ಆ ಕೆಲಸ ಇರಬೇಕು. ಬಂಡೆ ಮೇಲಿನ ಚಿತ್ರಕಾರ್ತಿಯ ಬಗ್ಗೆ ಅಂಥ ಒಂದು ಸಾಲೂ ಇರಲಿಲ್ಲ. ಬಣ್ಣ ಯಾವುದು, ಕಾಗದ ಎಲ್ಲಿಂದ ತಂದಳು, ದುಡ್ಡು ಯಾರು ಕೊಟ್ಟರು, ಒಂದೂ ಇಲ್ಲ.

ರಾಯಚೂರಿನ ಹುಡುಗಿ ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು. "ಆ ಡಾಕ್ಟರ್ ಬರೋಕ್ಕಿಂತ ಮೊದ್ಲು ಈಕಿ ಏನ್ ಮಾಡ್ತಿದ್ಲು?" ಉತ್ತರ ಹಸ್ತಪ್ರತಿಯಲ್ಲಿ ಇರಲಿಲ್ಲ. ಆಕೆ ಕಾಯುತ್ತಿದ್ದಳು, ಅಷ್ಟೇ. ಆಕೆ ಯಾರು ಎಂದು ಅವನೇ ಕಂಡುಹಿಡಿದ, ಅವನೇ ಹೇಳಿದ, ಅವನೇ ಊರಿಗೆ ತೋರಿಸಿದ. ಹಳೆಯ ಗಂಡ ಆಕೆಯ ಬದುಕನ್ನು ತಾನೇ ನಡೆಸಿದ್ದ, ಹೊಸಬ ಕೂಡ ಅದನ್ನೇ ಮಾಡಿದ. ಇವನು ಪ್ರೀತಿಯಿಂದ ಮಾಡಿದ ಎಂಬುದಷ್ಟೇ ಬೇರೆ.

ಹೆಣ್ಣಿನ ಎರಡನೇ ಬದುಕು ಕನ್ನಡ ಕಾದಂಬರಿಗೆ ಹೊಸದಲ್ಲ. 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನೇ ಹೇಳುತ್ತಾರೆ. ಅದರ ನಾಯಕಿ ಎಳೆಯ ವಿಧವೆ. ಮನೆ ಬಿಟ್ಟು ಬರುತ್ತಾಳೆ, ಓದುತ್ತಾಳೆ, ಆಮೇಲೆ ಮದುವೆಯಾಗುತ್ತಾಳೆ. ಆ ಕ್ರಮವನ್ನು ಗಮನಿಸಿ ಎಂದು ಮೇಷ್ಟ್ರು ನಮ್ಮ ಲೇಖಕಿಗೆ ಹೇಳಿದರು. ಅಲ್ಲಿ ಓದು ಮೊದಲು, ಮದುವೆ ಆಮೇಲೆ.

ನಾವು ಲೇಖಕಿಗೆ ಕೇಳಿದೆವು, ನಿಮ್ಮ ನಾಯಕಿ ಯಾಕೆ ಹೊಲಿಗೆಯವಳಲ್ಲ? ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದ್ರಾಗ ಏನೈತ್ರಿ ಬರಿಯಾಕ? ದಿನಾ ಮಾಡೂದು ಅದು."

ಸೋದರಮಾವ

ಎರಡನೇ ಪ್ರತಿ ಹುಟ್ಟಿದ್ದು ಬೇರೆ ಒಂದು ಮಾತಿನಿಂದ. ಬೆಂಗಳೂರಿನ ಕುಡುಕ ಗಂಡ ಎಲ್ಲಿಂದ ಬಂದ ಎಂದು ವಿಚಾರಿಸಿದಾಗ, ಲೇಖಕಿ ತಮ್ಮ ಬಳಗದಲ್ಲಿ ಅಂಥವನು ಯಾರೂ ಇಲ್ಲ ಎಂದರು. ತಮ್ಮ ಓಣಿಯಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಸೋದರಮಾವನಿಗೆ, ಇಲ್ಲವೇ ಸೋದರತ್ತೆಯ ಮಗನಿಗೆ ಎಂದರು. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಕಡೆ ಅನೇಕ ಸಮುದಾಯಗಳಲ್ಲಿ ಇದು ರೂಢಿ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದ ಮದುವೆ ಬೇಡ ಎನ್ನುತ್ತದೆ, ಆದರೆ ರೂಢಿ ಇದ್ದ ಕಡೆ ಒಪ್ಪುತ್ತದೆ.

ಈ ಒಂದು ಬದಲಾವಣೆ ಇಡೀ ಕಾದಂಬರಿಯನ್ನು ಅಲುಗಾಡಿಸಿತು. ಹೊಸ ಪ್ರತಿಯಲ್ಲಿ ಗಂಡ ತಾಯಿಯ ತಮ್ಮ. ಸಿಂಧನೂರು ಕಡೆಯ ಹಳ್ಳಿಯವನು. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ನಾಯಕಿಯನ್ನು ತೊಟ್ಟಿಲಲ್ಲಿ ತೂಗಿದವನು. ಆಕೆ ಅವನನ್ನು ಮದುವೆಗೆ ಮೊದಲೂ ಮಾಮಾ ಎಂದಳು, ಆಮೇಲೂ ಮಾಮಾ ಎಂದಳು. ಅವನಿಗೆ ಆಕೆ ಎಂದೂ ದೊಡ್ಡವಳಾಗಲೇ ಇಲ್ಲ. ಅತ್ತೆ ಎಂದರೆ ಸ್ವಂತ ಅಜ್ಜಿ. ಹದಿನೈದು ವರ್ಷವಾದರೂ ಮಕ್ಕಳಾಗಲಿಲ್ಲ. ಅಜ್ಜಿಯೇ ಒಂದು ದಿನ ರೊಟ್ಟಿ ಬಡಿಯುತ್ತಾ, ನಿನ್ನ ತಂಗಿಯನ್ನೂ ಇವನಿಗೇ ತಂದುಕೊಳ್ಳೋಣ ಎನ್ನುತ್ತಾಳೆ. ಸಿಟ್ಟಿಲ್ಲ, ಬೈಗುಳ ಇಲ್ಲ. ಪ್ರೀತಿಯಿಂದಲೇ ಹೇಳುತ್ತಾಳೆ. ನಾಯಕಿ ಮರುದಿನ ಬಸ್ಸು ಹತ್ತುತ್ತಾಳೆ.

ಹೊಡೆಯುವ ಗಂಡನನ್ನು ಬಿಟ್ಟು ಬಂದರೆ ಓದುಗರು ಕೂಡಲೇ ಆಕೆಯ ಪರ. ಇಲ್ಲಿ ಹಾಗಿಲ್ಲ. ಯಾಕೆ ಬಂದೆ ಎಂದು ಊರು ಕೇಳಿದರೆ ಆಕೆಗೆ ಹೇಳಲು ಒಂದು ಗಾಯವೂ ಇಲ್ಲ. ತನಗೆ ಏನು ಕಡಿಮೆಯಾಗಿತ್ತು ಎಂದು ಆಕೆ ತಾನೇ ಯೋಚಿಸಿ ಹೇಳಬೇಕು. ತನ್ನನ್ನು ಹುಡುಕಿಕೊಳ್ಳುವುದು ಶುರುವಾಗುವುದೇ ಅಲ್ಲಿ, ಅಲ್ವಾ?

ತಾಯಿಯ ಕಷ್ಟ ಇನ್ನೂ ದೊಡ್ಡದು. ಮಗಳು ಬಿಟ್ಟು ಬಂದ ಮನೆ ತಾಯಿಯ ತವರು. ಮಗಳನ್ನು ಒಳಗೆ ಕರೆದುಕೊಂಡ ದಿನವೇ ತಾಯಿಗೆ ತನ್ನ ತವರಿನ ಬಾಗಿಲು ಮುಚ್ಚಿತು. ಮೊದಲ ಪ್ರತಿಯಲ್ಲಿ ತಾಯಿ ಚಹಾ ತಂದುಕೊಡುವವಳು, ಕಣ್ಣೀರು ಹಾಕುವವಳು. ಎರಡನೇ ಪ್ರತಿಯಲ್ಲಿ ಆಕೆ ಎರಡನೇ ನಾಯಕಿ. ನನ್ನ ಮಟ್ಟಿಗೆ ಈ ಕಾದಂಬರಿಯ ಅತ್ಯುತ್ತಮ ಪುಟಗಳು ತಾಯಿಯವೇ.

ಪಂಚಮಿ ಮತ್ತು ಗೇಟು

ಮೊದಲ ಪ್ರತಿಯಲ್ಲಿ ತುಂಗಭದ್ರಾ ಅಣೆಕಟ್ಟು ಒಂದು ಸಾಲಿನಲ್ಲಿ ಬಂದುಹೋಗುತ್ತಿತ್ತು. ಡಾಕ್ಟರ್ ಮೊದಲ ಸಲ ಕೈ ಹಿಡಿದಾಗ ಆಕೆಯ ಮನಸ್ಸಿನ ಗೇಟು ಕಿತ್ತುಹೋಯಿತಂತೆ. 2024ರಲ್ಲಿ ಗೇಟು ಹೋದದ್ದು ಎಲ್ಲರಿಗೂ ನೆನಪಿದೆ, ಆದ್ದರಿಂದ ಬರೆದೆ ಎಂದರು ಲೇಖಕಿ. ನಾವು ಈ ಸಾಲನ್ನು ಖಂಡಿತ ತೆಗೆಯಿರಿ ಎಂದೆವು. ಗಂಗಾವತಿಯಲ್ಲಿ ಆ ವಾರ ಇದ್ದವರಿಗೆ ಅದು ಹೋಲಿಕೆಗೆ ಸಿಗುವ ವಸ್ತುವಾಗಿರಲಿಲ್ಲ. ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ನೂರು ಟಿಎಂಸಿಗೂ ಜಾಸ್ತಿ ನೀರಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಹೊಳೆಗೆ ಬಿಟ್ಟರು. ಗದ್ದೆಯಲ್ಲಿ ನಾಟಿ ಆಗಿತ್ತು. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಅಲ್ಲಿಯವರೆಗೆ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಎಲ್ಲರೂ ಫೋನ್ ನೋಡುತ್ತಾ ಕೂತಿದ್ದರು.

ಲೇಖಕಿ ಕ್ಯಾಲೆಂಡರ್ ತೆಗೆದು ನೋಡಿದರು. ಆ ವರ್ಷ ನಾಗರ ಪಂಚಮಿ ಆಗಸ್ಟ್ 9ಕ್ಕೆ. ಗೇಟು ಹೋದದ್ದು ಮರುದಿನ ರಾತ್ರಿ.

ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗಬೇಕು. ಉಂಡಿ, ಜೋಕಾಲಿ, ಮನೆಮನೆಗೆ ರೊಟ್ಟಿ ಹಂಚುವುದು. ಎಷ್ಟೇ ವಯಸ್ಸಾದರೂ ಹೆಂಗಸರು ಈ ಕರೆ ಕಾಯುತ್ತಾರೆ. ಹೊಸ ಪ್ರತಿಯಲ್ಲಿ ತಾಯಿಯನ್ನು ಆ ವರ್ಷ ಯಾರೂ ಕರೆಯುವುದಿಲ್ಲ. ಕರೆಯಬೇಕಾದ ತಮ್ಮನೇ ಅಳಿಯ. ಆಕೆ ಏನೂ ಹೇಳದೆ ಉಂಡಿ ಕಟ್ಟುತ್ತಾಳೆ, ಡಬ್ಬಿ ತುಂಬುತ್ತಾಳೆ. ಮಗಳು ನೋಡುತ್ತಾಳೆ.

ಮರುದಿನ ರಾತ್ರಿ ಗೇಟು ಹೋಗುತ್ತದೆ. ತಾಯಿಯ ಮನೆ ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯ ಹಳ್ಳಿಯಲ್ಲಿ. ತಮ್ಮನ ಮನೆ ಮುಂದೆ ಸಿಂಧನೂರು ಕಡೆ. ಎರಡೂ ಮನೆಯ ಗದ್ದೆಗೆ ಒಂದೇ ಎಡದಂಡೆ ಕಾಲುವೆಯ ನೀರು. ಬೆಳಗಾಗುತ್ತಲೇ ತಾಯಿ ತಿಂಗಳುಗಳ ಮೇಲೆ ತಮ್ಮನಿಗೆ ಫೋನ್ ಮಾಡುತ್ತಾಳೆ.

"ಕಾಲುವಿಗೆ ನೀರು ಬಿಡ್ತಾರಂತೇನೋ?"

"ಗೊತ್ತಿಲ್ಲಕ್ಕ. ನೋಡೂನು ಅಂತಾರ."

"ನಿಮ್ದು ನಾಟಿ ಆಗೇತಿ?"

"ಆಗೇತಿ. ನಿಮ್ದು?"

ಅಷ್ಟೇ ಮಾತು. ಮಗಳ ಹೆಸರು ಬರುವುದಿಲ್ಲ, ಹಬ್ಬದ ಹೆಸರು ಬರುವುದಿಲ್ಲ. ಈ ಅಧ್ಯಾಯ ಓದುವಾಗ ವಕೀಲೆಯ ದನಿ ನಡುಗಿತು. ಹೋಲಿಕೆಯಾಗಿ ಬಂದಿದ್ದ ಅದೇ ಗೇಟು ಘಟನೆಯಾಗಿ ಬಂದಾಗ ಇಬ್ಬರನ್ನು ಮಾತಾಡಿಸಿತು. ಊರಿನ ದೊಡ್ಡ ಘಟನೆಯನ್ನು ಪ್ರೇಮಕಥೆಯೊಳಗೆ ತರುವವರಿಗೆ ನಾನು ಈಗ ಈ ಪುಟಗಳನ್ನೇ ತೋರಿಸುತ್ತೇನೆ.

ಮಷೀನು

ನಾಯಕಿ ಕಳೆದುಕೊಂಡದ್ದು ಏನು ಎಂಬುದಕ್ಕೆ ಲೇಖಕಿಗೆ ಬೇಗ ಉತ್ತರ ಸಿಕ್ಕಿತು. ಮದುವೆಗೆ ಮೊದಲು ಹುಡುಗಿ ಕಣ್ಣಳತೆಯಲ್ಲೇ ಜಂಪರ್ ಕತ್ತರಿಸುತ್ತಿದ್ದಳು. ತವರಿನಿಂದ ಕೊಟ್ಟ ಮಷೀನು ಗಂಡನ ಮನೆಯಲ್ಲಿ ಮೂಲೆ ಸೇರಿತು. ಮೇಲೆ ಚೀಲ ಇಟ್ಟರು, ಕಾಳಿನ ಡಬ್ಬಿ ಇಟ್ಟರು. ಯಾರೂ ಬೇಡ ಅನ್ನಲಿಲ್ಲ. ಮಾಮಾ ಗಳಿಸುವಾಗ ನಿನಗ್ಯಾಕೆ ಎಂದರು.

ವಾಪಸ್ ಬಂದ ಮೇಲೆ ಗಂಗಾವತಿಯ ಒಂದು ಅಂಗಡಿಯಲ್ಲಿ ಫಾಲ್ ಹಚ್ಚುವ ಕೆಲಸಕ್ಕೆ ಸೇರುತ್ತಾಳೆ. ಮೊದಲ ಸಲ ಕತ್ತರಿ ಕೈಗೆ ಬಂದ ದಿನ ಒಬ್ಬರ ಗುಳೇದಗುಡ್ಡದ ಖಣ ಕೆಡಿಸುತ್ತಾಳೆ. ಖಣದ ಪನ್ನ, ಅಂದರೆ ಅಗಲ, ಕಡಿಮೆ, ತಪ್ಪಾದರೆ ಸರಿಮಾಡಲು ಬಟ್ಟೆ ಉಳಿಯುವುದಿಲ್ಲ. ಕಂಕುಳ ಬಿಗಿಯಾಗಿ, ಕೈ ಎತ್ತಲು ಬರುವುದಿಲ್ಲ. ಗಿರಾಕಿ ಅಂಗಡಿ ಮುಂದೆ ನಿಂತು ಜೋರು ಮಾಡುತ್ತಾಳೆ. ಖಣದ ದುಡ್ಡು ನಾಯಕಿಯ ಕೂಲಿಯಲ್ಲಿ ಹೋಗುತ್ತದೆ. ಹದಿನೈದು ವರ್ಷ ಬಿಟ್ಟ ಕೈ ಮೊದಲ ದಿನವೇ ಸರಿಯಾಗಿ ಓಡಿದರೆ ಓದುಗರು ನಂಬುವುದಿಲ್ಲ. ಆಕೆ ರಾತ್ರಿ ಹಳೆಯ ಪೇಪರ್ ಕತ್ತರಿಸಿ ಕತ್ತರಿಸಿ ಅಳತೆ ಕೂರಿಸಿಕೊಳ್ಳುವ ಪುಟಗಳನ್ನು ಲೇಖಕಿ ಒಂದೇ ಉಸಿರಿನಲ್ಲಿ ಬರೆದಂತಿದೆ. ಅಳತೆಯ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಅಳತೆ ಮಾತ್ರ ಹಳೆಯದು, ಇನ್ನೂ ಇದೆ. ಆಕೆ ಅದನ್ನು ಹೊಡೆದುಹಾಕುವುದಿಲ್ಲ.

ದುಡ್ಡು, ಬಸ್ಸು, ಕಾಗದ ಪತ್ರ. ಇವನ್ನು ಬೇಗ ಹೇಳುತ್ತೇನೆ, ಕಾದಂಬರಿಯೂ ಬೇಗ ದಾಟುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಳ್ಳಿಯಿಂದ ಗಂಗಾವತಿಗೆ ದಿನಾ ಓಡಾಡಲು ಆಕೆ ಯಾರ ಹತ್ತಿರವೂ ಕೈ ಚಾಚಬೇಕಿಲ್ಲ. ಆದರೆ ಕಂಡಕ್ಟರ್‌ಗೆ ತೋರಿಸುವ ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು, ಗಂಡನ ಊರು. ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಗೆ. ಅಲ್ಲಿ ಯಜಮಾನಿ ಅಜ್ಜಿ, ಇಲ್ಲಿ ತಾಯಿ. ಎರಡು ಮನೆಯಲ್ಲಿ ಬಾಳಿದರೂ ಯಾವ ರೇಷನ್ ಕಾರ್ಡಿನಲ್ಲೂ ಆಕೆ ಯಜಮಾನಿ ಅಲ್ಲ. ಈಗಿನ ಕಾಲದ ಕಾದಂಬರಿ ಎಂದ ಮೇಲೆ ಇವೆಲ್ಲ ಕಾಣಬೇಕು ಎಂದು ನಾನು ಹಟ ಹಿಡಿದೆ.

ಕೋರ್ಟು ಕೊಟ್ಟ ಸಮಯ

"ಆರು ತಿಂಗಳಲ್ಲಿ ವಿಚ್ಛೇದನ ಆಯಿತು" ಎಂಬ ಸಾಲನ್ನು ವಕೀಲೆ ಒಪ್ಪಲಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿತು. ಅರ್ಜಿ ಹಾಕುವ ಮೊದಲೇ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಇನ್ನೂ ಆರು ತಿಂಗಳು ಬಿಟ್ಟು ಮತ್ತೆ ಕೋರ್ಟಿಗೆ ಬಂದು ಹೌದು ಎನ್ನಬೇಕು. ಕೆಲವು ಸಂದರ್ಭಗಳಲ್ಲಿ ಈ ಆರು ತಿಂಗಳನ್ನು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಅದು ಕೋರ್ಟಿಗೆ ಬಿಟ್ಟದ್ದು, ತಾನಾಗಿ ಸಿಗುವುದಿಲ್ಲ.

ಲೇಖಕಿಗೆ ಮೊದಲು ಬೇಜಾರಾಯಿತು. ಒಂದೂವರೆ ವರ್ಷ ಕಥೆಯಲ್ಲಿ ಏನು ಮಾಡಿಸಲಿ ಎಂದರು. ಅವರೇ ಆಮೇಲೆ ದಾರಿ ಕಂಡುಕೊಂಡರು. ಪ್ರೀತಿ ಬೆಳೆಯುವುದು ಆ ಒಂದೂವರೆ ವರ್ಷದಲ್ಲೇ. ಕಾಗದದ ಮೇಲೆ ಆಕೆ ಇನ್ನೂ ಸೋದರಮಾವನ ಹೆಂಡತಿ. ಓಣಿಯಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ಭೇಟಿಗೂ ಒಂದು ಬೆಲೆ ಇದೆ.

ಊರ ಹಿರಿಯರು ಗುಡಿಯ ಕಟ್ಟೆಯಲ್ಲಿ ಸೇರಿ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಬರೆದು ಮುಗಿಸೋಣ, ಮನೆಯ ಮಾತು ಕೋರ್ಟಿಗೆ ಯಾಕೆ ಎನ್ನುತ್ತಾರೆ. ರೂಢಿಯ ಬಿಡುಗಡೆಗೂ ಕಾಯ್ದೆಯಲ್ಲಿ ಜಾಗವಿದೆ, ಆದರೆ ಪ್ರಶ್ನೆ ಬಂದರೆ ಆ ಸಮುದಾಯದಲ್ಲಿ ಅಂಥ ರೂಢಿ ಇದೆ ಎಂದು ಸಾಬೀತು ಮಾಡಬೇಕು. ನಾಯಕಿ ಕೋರ್ಟೇ ಬೇಕು ಎನ್ನುತ್ತಾಳೆ. ಕಟ್ಟೆಯಲ್ಲಿ ತನ್ನ ಬದಲು ಅಪ್ಪ ಮಾತಾಡುತ್ತಾನೆ, ಕೋರ್ಟಿನಲ್ಲಿ ತನ್ನನ್ನೇ ಕೇಳುತ್ತಾರೆ ಎಂಬುದು ಆಕೆಯ ಕಾರಣ. ಇಡೀ ಕಾದಂಬರಿಯಲ್ಲಿ ಆಕೆ ದನಿ ಎತ್ತುವುದು ಇಲ್ಲಿ ಒಂದೇ ಕಡೆ.

ಅವನು

ಡಾಕ್ಟರ್ ಹೋದ. ಬಂದವನು ಹೊಲಿಗೆ ಮಷೀನ್ ರಿಪೇರಿ ಮಾಡುವವನು. ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್‌ಗಳಲ್ಲಿ ಕೆಲಸ ಕಲಿತವನು, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಗಂಗಾವತಿಗೆ ಬಂದಿದ್ದಾನೆ. ಆ ಹೊತ್ತಿಗೆ ನಾಯಕಿ ಗಂಡನ ಮನೆಯಿಂದ ತನ್ನ ಹಳೆಯ ಮಷೀನು ತರಿಸಿಕೊಂಡು ಸ್ವಂತ ಅಂಗಡಿ ಹಾಕಿದ್ದಾಳೆ. ಅವನು ಬರುವುದು ಕಾದಂಬರಿಯ ಅರ್ಧ ದಾಟಿದ ಮೇಲೆ.

"ಮಷೀನ್ ಹಳೇದಾತ್ರಿ ಅಕ್ಕಾರ. ಹೊಸದು ತಗೋರಿ."

"ಹಳೇದಾದ್ರ ಏನಾತು, ನನ್ನ ಕಾಲಿಗೆ ಹೊಂದೇತಿ. ಶಟಲ್ ಸವದೈತಿ, ಅದಷ್ಟ ಹಾಕ್ರಿ."

ಕೆಟ್ಟದ್ದು ಯಾವುದು ಎಂದು ಆಕೆಗೆ ಮೊದಲೇ ಗೊತ್ತು. ಅವನು ಬಿಚ್ಚಿ ನೋಡುತ್ತಾನೆ, ಹೌದು, ಶಟಲ್ಲೇ. ಇವರ ಪ್ರೀತಿ ಶುರುವಾಗುವುದು ಅವನು ಆಕೆಯ ಮಾತು ನಂಬಿದ್ದರಿಂದ. ಆಮೇಲೆ ಅವನು ಅಂಗಡಿಗೆ ಬಂದಾಗಲೆಲ್ಲ ಅಕ್ಕಾರ ಎನ್ನುವುದನ್ನು ಹೇಗೆ ಬಿಡಬೇಕು ಎಂದು ತಿಳಿಯದೆ ಒದ್ದಾಡುತ್ತಾನೆ. ಒಮ್ಮೆ ಟೇಲರ್‌ರ ಎನ್ನುತ್ತಾನೆ. ಒಮ್ಮೆ ಏನೂ ಅನ್ನದೆ ಬಾಗಿಲಲ್ಲಿ ಕೆಮ್ಮುತ್ತಾನೆ. ಹೆಸರು ಹಿಡಿದು ಕರೆಯಲು ಅವನಿಗೆ ನೂರು ಪುಟ ಬೇಕಾಯಿತು. ಆ ದಿನ ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದಾರೆ. ಆಕೆ ತಲೆ ಎತ್ತದೆ ಹೊಲಿಯುತ್ತಲೇ ಇರುತ್ತಾಳೆ, ಆದರೆ ಹೊಲಿಗೆ ಸೊಟ್ಟಗೆ ಹೋಗುತ್ತದೆ.

ಅವನು ಅಷ್ಟು ತಡವಾಗಿ ಬಂದರೆ ಪ್ರೇಮಕಾದಂಬರಿ ಎಂದು ಕೈಗೆತ್ತಿಕೊಂಡವರು ಕಾಯುತ್ತಾರೆಯೇ ಎಂದು ಮೇಷ್ಟ್ರು ಚಿಂತೆ ಮಾಡಿದರು. ನನ್ನ ಅಭಿಪ್ರಾಯ ಬೇರೆ. ಅವನು ಬರುವ ಹೊತ್ತಿಗೆ ಆಕೆ ಯಾರೆಂದು ನಮಗೆ ಗೊತ್ತಿದೆ. ಆದ್ದರಿಂದಲೇ ಅವನು ಆಕೆಗೆ ತಕ್ಕವನೋ ಅಲ್ಲವೋ ಎಂದು ನಾವು ಆತಂಕದಿಂದ ನೋಡುತ್ತೇವೆ. ಡಾಕ್ಟರನ ಬಗ್ಗೆ ಆ ಆತಂಕ ಯಾರಿಗೂ ಆಗಿರಲಿಲ್ಲ.

ನಡುವೆ ಒಂದು ಒಳ್ಳೆಯ ಜಗಳವಿದೆ. ಬಳ್ಳಾರಿಯಲ್ಲಿ ಯೂನಿಟ್ ಒಂದರಲ್ಲಿ ಅವನಿಗೆ ಖಾಯಂ ಕೆಲಸ ಸಿಗುತ್ತದೆ, ಬಾ ಎನ್ನುತ್ತಾನೆ. ಆಕೆ ಅಂಗಡಿ ಬಿಟ್ಟು ಬರುವುದಿಲ್ಲ ಎನ್ನುತ್ತಾಳೆ. ಪ್ರೀತಿ ಇದ್ದೂ ಬೇಡ ಎನ್ನುವುದು ಆಕೆಗೆ ಮೊದಲ ಸಲ. ಅವನು ಹೋಗುತ್ತಾನೆ. ಬೇಗ ವಾಪಸ್ ಬರುವುದಿಲ್ಲ. ಇದನ್ನು ಮೆದು ಮಾಡಬೇಡಿ ಎಂದು ನಾವೆಲ್ಲ ಬೇಡಿಕೊಂಡೆವು.

ಈಗ ಎಲ್ಲಿದೆ

ಕೊನೆಯ ಬಗ್ಗೆ ನಮ್ಮಲ್ಲಿ ಒಮ್ಮತ ಬರಲಿಲ್ಲ. ಒಂದು ಪ್ರತಿಯಲ್ಲಿ ಜನವರಿಯ ಗವಿಮಠದ ಜಾತ್ರೆಯಲ್ಲಿ, ತೇರು ಎಳೆಯುವ ಜನಸಾಗರದ ನಡುವೆ ಇಬ್ಬರೂ ಎದುರಾಗುತ್ತಿದ್ದರು. ಕೊಪ್ಪಳದ ಆ ಜಾತ್ರೆಗೆ ಹೋದವರಿಗೆ ಅಲ್ಲಿ ಜೊತೆಗೆ ಬಂದವರೇ ಸಿಗುವುದಿಲ್ಲ ಎಂದು ಗೊತ್ತು. ಲೇಖಕಿ ಅದನ್ನು ಬಿಟ್ಟು ದಾಸೋಹಕ್ಕೆ ಹಳ್ಳಿಯಿಂದ ರೊಟ್ಟಿ ಕಳಿಸುವ ದೃಶ್ಯಕ್ಕೆ ಹೋದರು. ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿಯುವಾಗ ನಾಯಕಿ ಎಲ್ಲರ ಮುಂದೆ, ನಾನು ಅವನನ್ನು ಮದುವೆಯಾಗುತ್ತೇನೆ ಎಂದು ತಾನೇ ಹೇಳುತ್ತಾಳೆ. ಹಿಂದೆ ಅಜ್ಜಿ ರೊಟ್ಟಿ ಬಡಿಯುತ್ತಾ ಆಕೆಯ ಬದುಕನ್ನು ತೀರ್ಮಾನಿಸಿದ್ದಳು. ಇದು ಒಳ್ಳೆಯ ಬದಲಾವಣೆ.

ಮದುವೆ ಬೇಕೇ ಬೇಡವೇ ಎಂದು ವಕೀಲೆ ಮತ್ತು ಮೇಷ್ಟ್ರು ಇನ್ನೂ ವಾದ ಮಾಡುತ್ತಿದ್ದಾರೆ. ನನಗೆ ಮದುವೆ ಇರಲಿ ಅನಿಸುತ್ತದೆ. ಆಕೆ ಅಷ್ಟು ದೂರ ನಡೆದು ಬಂದದ್ದು ಸಂತೋಷವಾಗಿ ಇರಲಿಕ್ಕೇ. ಇಬ್ಬರೂ ಗಂಗಾವತಿಯಲ್ಲೇ ಉಳಿಯುತ್ತಾರೆ, ಅಂಗಡಿ ಇರುತ್ತದೆ.

ಹಸ್ತಪ್ರತಿ ಒಬ್ಬ ಪ್ರಕಾಶಕರ ಹತ್ತಿರ ಹೋಗಿತ್ತು. ತಾಯಿಯ ಅಧ್ಯಾಯಗಳನ್ನು ಕಡಿಮೆ ಮಾಡಿ, ಪ್ರೇಮದ ಭಾಗ ಜಾಸ್ತಿ ಮಾಡಿ ಎಂದರು. ಲೇಖಕಿ ಆಗುವುದಿಲ್ಲ ಎಂದು ಪ್ರತಿ ವಾಪಸ್ ತಂದರು. ಬೇರೆ ಪ್ರಕಾಶಕರನ್ನು ಹುಡುಕುತ್ತಿದ್ದೇವೆ. ಈ ನಡುವೆ ರಾಯಚೂರಿನ ಹುಡುಗಿ ಹೊಸ ತಕರಾರು ತೆಗೆದಿದ್ದಾಳೆ. ಸೋದರಮಾವನ ಕಡೆಯಿಂದ ಒಂದು ಅಧ್ಯಾಯವೂ ಇಲ್ಲ, ಅಕ್ಕನ ಮಗಳನ್ನು ಕಟ್ಟಿಕೋ ಎಂದಾಗ ಅವನನ್ನು ಯಾರು ಕೇಳಿದ್ದರು ಎನ್ನುತ್ತಾಳೆ. ಲೇಖಕಿ ಈಗ ಆ ಅಧ್ಯಾಯ ಬರೆಯುತ್ತಿದ್ದಾರೆ.